ನೂರ ಹದಿನೇಳು ಗ್ರಾಂ

“ಇನ್ನೊಂದು ಸಲ ತೂಗಿ ಅಜ್ಜಿ.”

“ತೂಗಿದ್ದನ್ನೇ ತೂಗೋಕೆ ಇದೇನು ಬಂಗಾರವಾ?” ಎಂದು ಗೊಣಗಿಕೊಂಡೇ ತಕ್ಕಡಿ ಅಜ್ಜಿ ಗ್ಯಾಸ್ ಡಬ್ಬಿಯನ್ನು ಮೂರನೇ ಸಲ ಯಂತ್ರದ ಮೇಲಿಟ್ಟಳು. ಅಂಗಡಿಯಿಂದ ಠಾಣೆಗೆ ಅವಳೇ ಹೊತ್ತು ತಂದಿದ್ದ, ಅಂಗೈಯಗಲದ ತೂಕದ ಯಂತ್ರ. ಕೆಂಪು ಅಂಕಿಗಳು ಒಂದಿಷ್ಟು ಕುಣಿದು ನಿಂತವು. ಇನ್ನೂರ ಅರವತ್ತನಾಲ್ಕು.

ಇನ್ಸ್‌ಪೆಕ್ಟರಮ್ಮ ಡಬ್ಬಿಯನ್ನು ಮಗುಚಿ ನೋಡಿದಳು. ತಳದಲ್ಲಿ ಕಪ್ಪು ಶಾಯಿಯಲ್ಲಿ ಅಜ್ಜಿಯ ದಪ್ಪ ಕೈಬರಹ: ಮುನ್ನೂರ ಎಂಬತ್ತೊಂದು.

“ಹೋಗುವಾಗ ಮುನ್ನೂರ ಎಂಬತ್ತೊಂದು, ಬಂದಾಗ ಇನ್ನೂರ ಅರವತ್ತನಾಲ್ಕು. ಉರಿದದ್ದು ನೂರ ಹದಿನೇಳು ಗ್ರಾಂ. ಒಳಗೆ ಇನ್ನೂ ಅರ್ಧ ಹಾಗೇ ಇದೆ. ಮಾತಾಡೋದು ನಾನಲ್ಲ ತಾಯಿ, ಡಬ್ಬಿ” ಎಂದಳು ಅಜ್ಜಿ.

ಅಜ್ಜಿಯ ಅಂಗಡಿ ಬಸ್ ನಿಲ್ದಾಣದ ಎದುರಿಗಿದೆ. ಬೆಟ್ಟ ಹತ್ತುವವರಿಗೆ ಡೇರೆ, ಬೆನ್ನಚೀಲ, ಸಣ್ಣ ಒಲೆ, ಅದಕ್ಕೆ ತಿರುಪಿ ಕೂರಿಸುವ ಗ್ಯಾಸ್ ಡಬ್ಬಿ, ಎಲ್ಲವೂ ಅಲ್ಲಿ ಸಿಗುತ್ತವೆ. ಕೊಡುವಾಗ ಪ್ರತಿ ಡಬ್ಬಿಯನ್ನೂ ತೂಗುತ್ತಾಳೆ. ವಾಪಸ್ಸು ತಂದವರು “ಖಾಲಿ ಅಜ್ಜಿ, ಬಿಸಾಕಿ” ಎಂದರೂ ಬಿಡದೆ ಮತ್ತೆ ತೂಗುತ್ತಾಳೆ. ಮೂವತ್ತು ವರ್ಷದ ಈ ಹುಚ್ಚಿಗೇ ಊರು ಅವಳಿಗೆ ತಕ್ಕಡಿ ಅಜ್ಜಿ ಎಂದು ಹೆಸರಿಟ್ಟಿದ್ದು. ನಗುವವರು ನಗಲಿ. ಆ ಹುಚ್ಚು ಇಲ್ಲದೆ ಹೋಗಿದ್ದರೆ ಈ ಡಬ್ಬಿ ಇಷ್ಟು ಹೊತ್ತಿಗೆ ಗುಜರಿ ಸೇರಿರುತ್ತಿತ್ತು, ನಮ್ಮ ಕಥೆಯೂ ಅದರ ಜೊತೆಗೇ.

ಹಿಂದಿನ ಶನಿವಾರ ಬೆಟ್ಟಕ್ಕೆ ಹೋದವರು ಇಬ್ಬರು, ಭಾವ ಮತ್ತು ಭಾಮೈದ. ಗುರುವಾರ ಇಳಿದು ಬಂದವನು ಭಾವ ಒಬ್ಬನೇ. ಇವತ್ತು ಭಾನುವಾರ, ಒಂಬತ್ತನೇ ದಿನ.

ಬಂದವನು ಪೇಟೆಬೀದಿಯ ಔಷಧಿ ಅಂಗಡಿಯವನು. ಬಾರದವನು ಅವನ ಹೆಂಡತಿಯ ಒಬ್ಬನೇ ತಮ್ಮ, ಶಾಲೆಯ ಡ್ರಾಯಿಂಗ್ ಮೇಷ್ಟ್ರು.

ಗೋಡೆಯ ಗಡಿಯಾರದಲ್ಲಿ ಹನ್ನೆರಡೂಕಾಲು. ಸಂಜೆ ಐದಕ್ಕೆ ಬೆಟ್ಟದ ಮೇಲೆ ಬಿರುಗಾಳಿ ಎಂದು ಹವಾಮಾನದವರು ಬೆಳಿಗ್ಗೆಯೇ ಹೇಳಿಯಾಗಿತ್ತು. ನಾಲ್ಕೂವರೆಗೆ ಶೋಧ ತಂಡ ಇಳಿದುಬಿಡುತ್ತದೆ. ಆಮೇಲೆ ಹುಡುಕುವುದು ಏನಿದ್ದರೂ ಹೆಣವನ್ನೇ, ಅದೂ ಹಿಮ ಕರಗಿದ ಮೇಲೆ.

“ಅಜ್ಜಿ, ನನಗೆ ಬಿಡಿಸಿ ಹೇಳಿ. ನಾನು ಈ ಠಾಣೆಯ ಮಹಡಿ ಬಿಟ್ಟರೆ ಇನ್ನೇನೂ ಹತ್ತಿದವಳಲ್ಲ. ಇದನ್ನು ಹತ್ತೋದರೊಳಗೇ ಮಂಡಿ ಎರಡೂ ಅಯ್ಯೋ ಅನ್ನುತ್ತವೆ. ಮನೆಯ ಗ್ಯಾಸೇ ಎಷ್ಟು ದಿನ ಬರುತ್ತೆ ಅಂತ ನನಗೆ ಗೊತ್ತಿಲ್ಲ. ನಮ್ಮ ಮನೇಲಿ ಅದು ನೆಂಟರು ಬಂದ ದಿನವೇ ಮುಗಿಯೋದು.”

“ಎಲ್ಲರ ಮನೇಲೂ ಅಷ್ಟೇ ಬಿಡು.” ಅಜ್ಜಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. “ನೋಡು, ಇಂಥ ಡಬ್ಬೀಲಿ ಇರೋದು ಇನ್ನೂರ ಮೂವತ್ತು ಗ್ರಾಂ ಗ್ಯಾಸು. ಮಿಕ್ಕಿದ್ದು ತಗಡಿನ ಭಾರ. ಕೆಳಗೆ ಊರಲ್ಲಾದರೆ ಅರ್ಧ ಲೀಟರ್ ನೀರು ಕಾಯಿಸೋಕೆ ಐದಾರು ಗ್ರಾಂ ಸಾಕು. ಮೇಲೆ ಈಗ ನೀರೆಲ್ಲಿದೆ? ಒರತೆ ಎಲ್ಲಾ ಕಲ್ಲಾಗಿದೆ. ಹಿಮ ಕರಗಿಸಿ ಕಾಯಿಸಬೇಕು. ಗಾಳಿ ಬೇರೆ. ಪಾತ್ರೆಗೆ ಹತ್ತು ಗ್ರಾಂ ಅಂತ ಇಟ್ಟುಕೋ.”

“ಒಬ್ಬರಿಗೆ ದಿನಕ್ಕೆ ಎಷ್ಟು ಪಾತ್ರೆ?”

“ಮೂರು. ಬೆಳಿಗ್ಗೆ ಟೀ, ಮಧ್ಯಾಹ್ನ ಕುಡಿಯೋಕೆ ನೀರು, ಸಂಜೆ ನೂಡಲ್ಸೋ ಸೂಪೋ. ಇಬ್ಬರು ಅಂದರೆ ಆರು.”

ಇನ್ಸ್‌ಪೆಕ್ಟರಮ್ಮ ಬೆರಳು ಮಡಿಸಿದಳು. ದಿನಕ್ಕೆ ಅರವತ್ತು ಗ್ರಾಂ. ಶನಿವಾರ ಸಂಜೆಯಿಂದ ಬುಧವಾರ ಬೆಳಗಿನವರೆಗೆ ನಾಲ್ಕು ದಿನ. ಇನ್ನೂರ ನಲವತ್ತು. ಅಂದರೆ ಇಬ್ಬರಿದ್ದರೆ ಡಬ್ಬಿ ಪೂರ್ತಿ ಖಾಲಿಯಾಗಬೇಕಿತ್ತು.

“ಒಬ್ಬನೇ ಆದರೆ ನಾಲ್ಕು ದಿನಕ್ಕೆ ನೂರ ಇಪ್ಪತ್ತು” ಎಂದಳು ಮೆಲ್ಲಗೆ.

“ಮೂರು ಗ್ರಾಂ ಕಮ್ಮಿ. ಜಿಪುಣ ಮುಂಡೇಗಂಡ” ಎಂದಳು ಅಜ್ಜಿ.

ಔಷಧಿ ಅಂಗಡಿಯವನು ಹೇಳಿದ್ದ ಕಥೆ ಇನ್ಸ್‌ಪೆಕ್ಟರಮ್ಮನಿಗೆ ಬಾಯಿಪಾಠ. ಇಬ್ಬರೂ ಪೂರ್ವದ ದಿಣ್ಣೆಯ ಮೇಲಿನ ಗುಡಿಸಲಿನಲ್ಲಿ ಮಂಜಿಗೆ ಸಿಕ್ಕಿಬಿದ್ದರು. ಎರಡು ಡಬ್ಬಿಯಲ್ಲಿ ಒಂದು ದಾರಿಯಲ್ಲೇ ಜಾರಿ ಕಣಿವೆಗೆ ಬಿತ್ತು. ಇನ್ನೊಂದು ಬುಧವಾರ ಮುಗಿಯಿತು. ಬಿದ್ದ ಡಬ್ಬಿ ಹುಡುಕುತ್ತೇನೆ ಎಂದು ಮೇಷ್ಟ್ರು ಪೂರ್ವಕ್ಕೆ ಹೋದವನು ತಿರುಗಿ ಬರಲಿಲ್ಲ. ಆ ಮಾತನ್ನು ನಂಬಿ ಶುಕ್ರವಾರದಿಂದ ನಲವತ್ತು ಜನರನ್ನು ಪೂರ್ವದ ಇಳಿಜಾರಿಗೆ ಅಟ್ಟಿದವಳು ಬೇರೆ ಯಾರೂ ಅಲ್ಲ, ತಾನೇ. ಮೂರು ದಿನ ನೀರಿನಲ್ಲಿ ಹೋಮವಾಗಿತ್ತು. ಆ ಮನುಷ್ಯ ಸತ್ತರೆ ಅದರಲ್ಲಿ ತನ್ನದೂ ಪಾಲಿದೆ.

“ಒಂದು ಅರ್ಥ ಆಗ್ತಿಲ್ಲ ಅಜ್ಜಿ. ಗ್ಯಾಸು ಮುಗೀತು ಅಂತ ಸುಳ್ಳು ಹೇಳೋನು ಅರ್ಧ ತುಂಬಿದ ಡಬ್ಬೀನ ಯಾಕೆ ಹೊತ್ತುಕೊಂಡು ಬರ್ತಾನೆ? ಅಲ್ಲೇ ಎಸೆದಿದ್ದರೆ ಯಾರು ಕೇಳ್ತಿದ್ದರು?”

ಅಜ್ಜಿ ನಕ್ಕಳು. ಬಾಯಲ್ಲಿ ನಾಲ್ಕೇ ಹಲ್ಲು, ಆದರೆ ನಗು ತುಂಬ ಜೋರು.

“ಅವನು ಅದನ್ನ ಖಾಲಿ ಅಂತಾನೇ ನಂಬಿದ್ದ ಕಣಮ್ಮ. ಹೊಸಬರೆಲ್ಲ ಮಾಡೋ ತಪ್ಪು. ಚಳಿ ಜಾಸ್ತಿಯಾದರೆ ಒಳಗಿನ ಗ್ಯಾಸು ಮೇಲಕ್ಕೆ ಏಳಲ್ಲ, ಮುದುರಿಕೊಂಡು ತಳದಲ್ಲೇ ಕೂರುತ್ತೆ. ಉರಿ ಸಣ್ಣಗಾಗಿ ಆರಿಹೋಗುತ್ತೆ. ತಿಳಿದವರು ಡಬ್ಬೀನ ಕಂಬಳಿ ಒಳಗೆ ಹೊಟ್ಟೆಗೆ ಅವುಚಿಕೊಂಡು ಮಲಗ್ತಾರೆ. ತಿಳೀದವರು ಮುಗೀತು ಅಂತ ಅಳ್ತಾರೆ. ಕುಲುಕಿದರೆ ಗೊತ್ತಾಗುತ್ತೆ ನಿಜ, ಆದರೆ ಬೆರಳು ಮರಗಟ್ಟಿದವನಿಗೆ ಅದೆಲ್ಲಿ ಹೊಳೆಯುತ್ತೆ?”

ಅಂದರೆ ಸಾಕ್ಷಿ ಎಂದು ಜೋಪಾನವಾಗಿ ಹೊತ್ತು ತಂದದ್ದೇ ಅವನ ಕೊರಳಿಗೆ ಉರುಳಾಗಿತ್ತು. ಅದನ್ನು ನಿನ್ನೆ ಉಳಿದ ಬಾಡಿಗೆ ಸಾಮಾನಿನ ಜೊತೆ ಅಂಗಡಿಗೆ ಕೊಟ್ಟು ಹೋದವಳು ಅವನ ಹೆಂಡತಿಯೇ.

“ಒಲೆ ತಂದಿದ್ದೀರಾ?”

“ತರದೆ ಇರ್ತೀನಾ?”

“ಹಾಗಾದರೆ ಬನ್ನಿ. ನಾನು ಹೇಳೋವರೆಗೆ ಒಂದು ಮಾತೂ ಆಡಬೇಡಿ.”

“ಅದು ಕಷ್ಟ” ಎಂದಳು ಅಜ್ಜಿ, ಪ್ರಾಮಾಣಿಕವಾಗಿ.

ಪಕ್ಕದ ಕೋಣೆಯಲ್ಲಿ ಔಷಧಿ ಅಂಗಡಿಯವನು ಕೂತಿದ್ದ. ಹೇಳಿಕೆಗೆ ಸಹಿ ಹಾಕಿ ಹೋಗಲು ಬಂದವನು. ಎರಡೂ ಕೈಯ ಬೆರಳುಗಳಿಗೆ ಬಿಳಿಯ ಪಟ್ಟಿ. ಅವನ ಹೆಂಡತಿ ಹೊರಗೆ ಪಡಸಾಲೆಯ ಬೆಂಚಿನ ಮೇಲಿದ್ದಳು. ಮೂರು ದಿನದಿಂದ ಅವಳಿಗೆ ಆ ಬೆಂಚೇ ಮನೆ. ಇನ್ಸ್‌ಪೆಕ್ಟರಮ್ಮ ಹಾದುಹೋಗುವಾಗ ತಲೆಯೆತ್ತಿ, “ಏನಾದರೂ ಸುದ್ದಿ ಬಂತಾ ಮೇಡಂ?” ಎಂದಳು. ದಿನಕ್ಕೆ ನಲವತ್ತು ಸಲ ಕೇಳುವ ಪ್ರಶ್ನೆ. ಇನ್ಸ್‌ಪೆಕ್ಟರಮ್ಮನಿಗೆ ಅವಳ ಮುಖ ನೋಡಲಾಗಲಿಲ್ಲ. ಒಳಗೆ ಹೋದವಳು ಬಾಗಿಲನ್ನು ಅರ್ಧ ತೆರೆದೇ ಬಿಟ್ಟಳು.

“ಕೂತ್ಕೊಳ್ಳಿ, ಏಳಬೇಡಿ. ಒಂದೆರಡು ಸಣ್ಣ ವಿಷಯ ಬಿಟ್ಟುಹೋಗಿದೆ, ಬರೆದುಕೊಂಡರೆ ಆಯಿತು. ನಿಮ್ಮ ಅಂಗಡೀಲಿ ಮುಲಾಮು, ಪುಡಿ ಎಲ್ಲ ನೀವೇ ತೂಗಿ ಕಲಸಿಕೊಡ್ತೀರಂತೆ?”

“ಹೌದು ಮೇಡಂ. ಇಪ್ಪತ್ತೆರಡು ವರ್ಷ ಆಯಿತು.”

“ತೂಕ ಹೆಚ್ಚುಕಮ್ಮಿ ಆದರೆ?”

“ಒಂದು ಗ್ರಾಂ ತಪ್ಪಿದರೂ ಒಬ್ಬರ ಜೀವ ಹೋಗಬಹುದು.”

“ಸರಿಯಾಗಿ ಹೇಳಿದಿರಿ.” ಇನ್ಸ್‌ಪೆಕ್ಟರಮ್ಮ ಪೆನ್ನು ತೆಗೆದಳು. “ಮೇಲೆ ಗುಡಿಸಲಲ್ಲಿ ಅಡುಗೆ ಯಾರು ಮಾಡ್ತಿದ್ದರು?”

“ನಾನೇ. ಭಾಮೈದನಿಗೆ ಅದೆಲ್ಲ ಬರಲ್ಲ.”

“ದಿನಕ್ಕೆ ಎಷ್ಟು ಸಲ?”

“ಮೂರು ಹೊತ್ತು. ಟೀ, ಸೂಪು, ನೂಡಲ್ಸು. ಇಬ್ಬರೂ ಹಂಚಿಕೊಂಡು.” ಅವನು ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡ. “ಅವನಿಗೆ ಕೊಡದೆ ನಾನು ಒಂದು ಗುಟುಕು ಬಾಯಿಗೆ ಹಾಕಿದವನಲ್ಲ ಮೇಡಂ. ಅವನು ನನಗೆ ಮಗ ಇದ್ದ ಹಾಗೆ.”

“ಗ್ಯಾಸು ಮುಗಿದದ್ದು?”

“ಬುಧವಾರ ಬೆಳಿಗ್ಗೆ. ನೋಡ್ತಾ ನೋಡ್ತಾ ಉರಿ ಆರಿಹೋಯಿತು. ಹತ್ತು ಸಲ ಕಡ್ಡಿ ಗೀರಿದೆ. ಆ ಡಬ್ಬೀನ ತಂದಿದ್ದೀನಲ್ಲ, ಬೇಕಾದರೆ ನೋಡಿ.”

ಅದನ್ನೇ ಕಾಯುತ್ತಿದ್ದವಳಂತೆ ಇನ್ಸ್‌ಪೆಕ್ಟರಮ್ಮ ಬಾಗಿಲ ಕಡೆ ಕೈಮಾಡಿದಳು. ತಕ್ಕಡಿ ಅಜ್ಜಿ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಒಲೆಯನ್ನು ಅದರ ತಲೆಗೆ ತಿರುಪಿ ಕೂರಿಸಿದಳು. ಕೀಲಿ ತಿರುಗಿಸಿ ಕಡ್ಡಿ ಗೀರಿದಳು.

ಭುಸ್ಸೆಂದು ಉರಿ ಎದ್ದಿತು. ನೀಲಿ ಉರಿ, ಗೇಣುದ್ದ.

ಔಷಧಿ ಅಂಗಡಿಯವನು ಕುರ್ಚಿ ಸಮೇತ ಹಿಂದೆ ಸರಿದ. ಅವನ ಮುಖ ಸುಣ್ಣದ ಗೋಡೆಯ ಹಾಗೆ ಬಿಳುಚಿಕೊಂಡಿತು.

“ಖಾಲಿ ಡಬ್ಬಿ ಇದು” ಎಂದಳು ಇನ್ಸ್‌ಪೆಕ್ಟರಮ್ಮ.

“ಇದು... ಇದು ಬೇರೆ ಯಾವುದೋ ಇರಬೇಕು.”

“ತಳದಲ್ಲಿ ನನ್ನ ಕೈಬರಹ ಇದೆ ಕಣಯ್ಯ!” ಅಜ್ಜಿಗೆ ತಡೆಯಲಾಗಲಿಲ್ಲ. “ಮೂವತ್ತು ವರ್ಷದಲ್ಲಿ ಒಂದು ಡಬ್ಬಿ ಅದಲು ಬದಲಾಗಿಲ್ಲ ನನ್ನ ಅಂಗಡೀಲಿ!”

“ನಾವು ಕಮ್ಮಿ ಕಮ್ಮಿ ಬಳಸಿದೆವು ಮೇಡಂ. ಉಳಿಸಿಕೊಂಡು...”

“ಈಗ ತಾನೇ ಮೂರು ಹೊತ್ತು ಅಂದಿರಿ.” ಇನ್ಸ್‌ಪೆಕ್ಟರಮ್ಮನ ದನಿ ಏರಲಿಲ್ಲ. “ಇಬ್ಬರಿಗೆ ಮೂರು ಹೊತ್ತು ಅಂದರೆ ಇದು ನಿಜವಾಗಿಯೂ ಖಾಲಿಯಾಗಬೇಕಿತ್ತು. ಉರಿದಿರೋದು ನೂರ ಹದಿನೇಳು ಗ್ರಾಂ. ಗ್ರಾಂ ಲೆಕ್ಕದಲ್ಲೇ ಬದುಕೋ ನಿಮಗೆ ನಾನು ಹೇಳಿಕೊಡಬೇಕಾ? ಅದು ಒಬ್ಬನ ಊಟ. ಶನಿವಾರ ಸಂಜೆಯಿಂದ ಆ ಗುಡಿಸಲಲ್ಲಿ ನೀವು ಒಬ್ಬರೇ ಇದ್ದಿರಿ. ನಿಮ್ಮ ಭಾಮೈದ ಎಲ್ಲಿ?”

ಅವನು ತನ್ನ ಬೆರಳುಗಳ ಪಟ್ಟಿಯನ್ನು ನೋಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ.

“ರೀ.”

ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಅರ್ಧ ತೆರೆದ ಬಾಗಿಲು ಈಗ ಪೂರ್ತಿ ತೆರೆದಿತ್ತು. ಅವಳು ಗಂಡನನ್ನು ನೋಡಲಿಲ್ಲ, ಉರಿಯನ್ನೇ ನೋಡುತ್ತಿದ್ದಳು.

“ನನ್ನ ತಮ್ಮ ಎಲ್ಲಿ?”

“ನೀನು ಹೊರಗಿರು. ನಿನಗೆ ಇದೆಲ್ಲ ಅರ್ಥ ಆಗಲ್ಲ.”

“ಒಬ್ಬರ ಊಟ ಯಾವುದು, ಇಬ್ಬರ ಊಟ ಯಾವುದು ಅಂತ ನನಗೆ ಅರ್ಥ ಆಗಲ್ವಾ? ಇಪ್ಪತ್ತು ವರ್ಷದಿಂದ ಒಲೆ ಮುಂದೆ ನಿಂತಿರೋಳು ನಾನು!” ಅವಳ ದನಿ ಒಡೆಯಿತು. “ಬೆರಳು ಆಡಲ್ಲ ಅಂತ ಮೂರು ದಿನದಿಂದ ನಿಮಗೆ ಕೈಯಾರೆ ಉಣಿಸಿದೆನಲ್ಲ! ಪ್ರತಿ ತುತ್ತಿಗೂ ನನ್ನ ತಮ್ಮ ಏನು ತಿಂದಿರ್ತಾನೋ ಅಂತ ಅತ್ತೆನಲ್ಲ! ಆಗಲೂ ನಿಮ್ಮ ಬಾಯಿಂದ ನಿಜ ಬರಲಿಲ್ವಾ?”

ಅವನು ಮೇಜಿನ ಮೇಲೆ ತಲೆಯಿಟ್ಟುಬಿಟ್ಟ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನಿಜ ಬಂತು, ಆದರೆ ಬಿಕ್ಕಿ ಬಿಕ್ಕಿ, ತುಂಡು ತುಂಡಾಗಿ. ಇಬ್ಬರೂ ಪೂರ್ವದ ದಿಣ್ಣೆಗೆ ನೇರವಾಗಿ ಹೋಗಲೇ ಇಲ್ಲ. ಹೋದದ್ದು ಪಶ್ಚಿಮದ ಕಮರಿಯ ದಾರಿಯಲ್ಲಿ. ಬಂಡೆ ಉರುಳುತ್ತವೆ ಎಂದು ಎರಡು ವರ್ಷದಿಂದ ಬೇಲಿ ಹಾಕಿ ಮುಚ್ಚಿದ ದಾರಿ ಅದು. ಶನಿವಾರ ಮಧ್ಯಾಹ್ನ ಮೇಷ್ಟ್ರು ಜಾರಿ ಬಿದ್ದ, ಪಾದ ಉಳುಕಿ ಊದಿಕೊಂಡಿತು. ಕಮರಿಯೊಳಗೆ ಕುರಿ ಕಾಯುವವರು ಬಿಟ್ಟುಹೋದ ಕಲ್ಲಿನ ಮನೆಯೊಂದಿದೆ. ಅಲ್ಲಿ ಅವನನ್ನು ಕೂರಿಸಿ, ಸಹಾಯ ಕರೆತರುತ್ತೇನೆ ಎಂದು ಭಾವ ದಿಣ್ಣೆ ದಾಟಿ ಊರಿಗೆ ಇಳಿಯಲು ಮೇಲೆ ಹತ್ತಿದ. ಅಷ್ಟರಲ್ಲಿ ಮಂಜು ಕವಿಯಿತು. ಮೇಲಿನ ಗುಡಿಸಲಿನಲ್ಲಿ ನಾಲ್ಕು ದಿನ ಒಬ್ಬನೇ ಕೂತ.

“ಎರಡನೇ ಡಬ್ಬಿ?”

“ಅವನಿಗೇ ಬಿಟ್ಟುಬಂದೆ. ಅವನ ಒಲೇನೂ ಅವನ ಹತ್ತಿರ ಇದೆ. ಬಿಸ್ಕತ್ತು, ನೂಡಲ್ಸು ಎಲ್ಲ ಬಿಟ್ಟಿದ್ದೀನಿ. ದೇವರಾಣೆ ಮೇಡಂ.”

“ಗುರುವಾರ ಇಳಿದು ಬಂದಿರಲ್ಲ. ಆ ಹೊತ್ತಿಗೇ ಯಾಕೆ ಹೇಳಲಿಲ್ಲ?”

“ಮುಚ್ಚಿದ ದಾರಿಗೆ ಕರೆದುಕೊಂಡು ಹೋದವನು ನಾನು. ಅಷ್ಟರಲ್ಲಿ ಅವನು ಸತ್ತೇಹೋಗಿರ್ತಾನೆ ಅಂದುಕೊಂಡೆ. ಎಲ್ಲರೂ ನನ್ನನ್ನೇ ಕೊಲೆಗಾರ ಅಂತಾರೆ ಅಂತ ಹೆದರಿಕೆ ಆಯಿತು.”

ಇಷ್ಟು ಸಣ್ಣ ಕಾರಣಕ್ಕೆ ಹೆಂಡತಿಯ ತಮ್ಮನನ್ನು ಯಾರಾದರೂ ಸಾಯಲು ಬಿಡುತ್ತಾರೆಯೇ? ಇನ್ಸ್‌ಪೆಕ್ಟರಮ್ಮನಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ದಾರಿ ಮುಚ್ಚಿದ್ದು ಎಂಬುದು ದಂಡ ಕಟ್ಟಿ ಮುಗಿಸುವ ತಪ್ಪು. ಇದರ ಹಿಂದೆ ಇನ್ನೇನೋ ಇದೆ. ಆದರೆ ಅದನ್ನು ಕೆದಕುತ್ತ ಕೂರುವ ಹೊತ್ತು ಇದಲ್ಲ.

ಅವಳು ವೈರ್‌ಲೆಸ್ ಕೈಗೆತ್ತಿಕೊಂಡಳು. ಶೋಧ ತಂಡದ ಮುಖ್ಯಸ್ಥನನ್ನು ಎಲ್ಲರೂ ಗಡ್ಡದಣ್ಣ ಎಂದೇ ಕರೆಯುವುದು. ಬೆಟ್ಟದ ಒಂದೊಂದು ಕಲ್ಲೂ ಗೊತ್ತಿರುವವನು.

“ಪಶ್ಚಿಮದ ಕಮರಿಯಾ?” ವೈರ್‌ಲೆಸ್ಸಿನಲ್ಲಿ ಅವನ ಸಿಟ್ಟು ಗರಗರ ಅಂದಿತು. “ಮೂರು ದಿನದಿಂದ ಬೆಟ್ಟದ ಆ ತುದೀಲಿ ಹುಡುಕ್ತಿದ್ದೀವಿ ಮೇಡಂ! ನಾನೂ ಇನ್ನಿಬ್ಬರೂ ಹಗ್ಗ ತರೋಕೆ ಇಳಿದು ಬಂದಿದ್ದೀವಿ, ಪುಣ್ಯಕ್ಕೆ ಈಗ ಬೇಲಿ ಹತ್ತಿರಾನೇ ಇದ್ದೀವಿ. ಕಲ್ಲಿನ ಮನೆಗೆ ಎರಡು ಗಂಟೆ ದಾರಿ.”

“ಒಂದೂವರೆಯಲ್ಲಿ ಹೋಗಿ.”

“ಓಡ್ತೀವಿ.”

ಉರಿ ಆರಿಸಿ ಅಜ್ಜಿ ಒಲೆ ಬಿಚ್ಚಿಟ್ಟಳು. ಮೇಷ್ಟ್ರ ಅಕ್ಕ ಅವಳ ಪಕ್ಕದಲ್ಲೇ ಕುಸಿದು ಕೂತಳು. ಗಂಡನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರದ ಕುರ್ಚಿ ಅದು.

“ಅಜ್ಜಿ, ಪೂರ್ತಿ ಡಬ್ಬಿ ಒಬ್ಬನಿಗೆ ಎಷ್ಟು ದಿನ ಬರುತ್ತೆ?”

ಅಜ್ಜಿ ಉತ್ತರ ಕೊಡುವ ಮೊದಲು ಇನ್ಸ್‌ಪೆಕ್ಟರಮ್ಮನ ಮುಖ ನೋಡಿದಳು. ಲೆಕ್ಕವನ್ನು ಎಂದೂ ಮುಚ್ಚಿಡದ ಮುದುಕಿಗೂ ಇವತ್ತು ನಾಲಿಗೆ ತೊಡರಿತು.

“ಇಪ್ಪತ್ತಮೂರು, ಇಪ್ಪತ್ತನಾಲ್ಕು ಪಾತ್ರೆ. ದಿನಕ್ಕೆ ಮೂರರಂತೆ ಎಂಟು ದಿನ.”

“ಇವತ್ತು ಒಂಬತ್ತು.”

“ಮೊದಲನೇ ದಿನ ಸಂಜೆ ಒಂದೇ ಅಲ್ವಾ? ಆಮೇಲೆ ಒಂದೊಂದು ದಿನ ಎರಡರಲ್ಲೇ ಸುಧಾರಿಸಿಕೊಂಡಿದ್ದರೆ ಇವತ್ತಿಗೂ ಬರುತ್ತೆ, ನಾಳೆಗೂ ಬರುತ್ತೆ. ನಿನ್ನ ತಮ್ಮ ಡಬ್ಬೀನ ಬೆಚ್ಚಗಿಟ್ಟುಕೊಳ್ಳೋ ಪೈಕಿಯವನು. ಅಂಗಡಿಗೆ ಬಂದಾಗೆಲ್ಲ ನಾನೇ ಹೇಳಿಕೊಟ್ಟಿದ್ದೀನಿ.”

“ಮುಗಿದುಹೋಗಿದ್ದರೆ?”

“ಸುತ್ತ ಹಿಮ ಇದೆಯಲ್ಲ ಅಕ್ಕಾ” ಎಂದ ಬಾಗಿಲಲ್ಲಿ ನಿಂತಿದ್ದ ಪೇದೆ, ಸಮಾಧಾನ ಹೇಳಲು ಹೋಗಿ.

“ಹಿಮ ತಿಂದರೆ ಮೈಯೊಳಗಿನ ಶಾಖಾನೇ ಕೊಟ್ಟು ಕರಗಿಸಬೇಕು. ಆ ಚಳೀಲಿ ಬೆಂಕಿ ಇಲ್ಲ ಅಂದರೆ ನೀರಿಲ್ಲ, ಅಷ್ಟೇ. ನೀನು ಸುಮ್ಮನಿರಪ್ಪ” ಎಂದು ಗದರಿದಳು ಅಜ್ಜಿ.

ಒಂದೂಕಾಲಾಯಿತು. ಒಂದೂವರೆ. ಔಷಧಿ ಅಂಗಡಿಯವನು ಒಮ್ಮೆ ನೀರು ಕೇಳಿದ. ಪೇದೆ ಲೋಟ ತಂದು ಮೇಜಿನ ಮೇಲಿಟ್ಟ. ಪಟ್ಟಿ ಸುತ್ತಿದ ಬೆರಳಲ್ಲಿ ಅದನ್ನು ಎತ್ತಲಾಗದೆ ಅವನು ಹೆಂಡತಿಯ ಕಡೆ ನೋಡಿದ. ಅವಳು ಏಳಲಿಲ್ಲ.

ಕಿಟಕಿಯಾಚೆ ಬೆಟ್ಟದ ನೆತ್ತಿ ಆಗಲೇ ಕಾಣುತ್ತಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಮಂಡಿನೋವನ್ನೂ ಮರೆತು ಶತಪಥ ತಿರುಗಿದಳು. ಇರಲಿ, ಆ ಹುಡುಗ ಇರಲಿ, ಕಾಲು ಹೋದರೂ ಹೋಗಲಿ, ಜೀವ ಒಂದು ಇರಲಿ ಎಂದು ಮನಸ್ಸಿನಲ್ಲೇ ಯಾರನ್ನೋ ಬೇಡಿಕೊಂಡಳು.

ಎರಡೂಕಾಲಿಗೆ ವೈರ್‌ಲೆಸ್ ಕರಕರ ಅಂದಿತು.

“ಮನೆ ಸಿಕ್ಕಿತು ಮೇಡಂ. ಒಳಗಿದ್ದೀವಿ.” ಗಡ್ಡದಣ್ಣ ಏದುಸಿರು ಬಿಡುತ್ತಿದ್ದ. “ಇಲ್ಲಿ ಯಾರೂ ಇಲ್ಲ.”

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

“ಇದ್ದ ಗುರುತು?”

“ಇದೆ. ಹಾಸಿಕೊಂಡ ಒಣಹುಲ್ಲು ಇದೆ, ಬಿಸ್ಕತ್ತಿನ ಕಾಗದ ಇದೆ, ಒಲೆ ಇದೆ. ಡಬ್ಬಿ ಇದೆ, ಪೂರ್ತಿ ಖಾಲಿ. ಅಂಗಿಯೊಳಗೆ ಬೆಚ್ಚಗೆ ಮಾಡಿಯೂ ನೋಡಿದೆ, ಹತ್ತಲಿಲ್ಲ. ಒಂದು ವಿಚಿತ್ರ ಮೇಡಂ. ಡಬ್ಬಿ ಮೈಮೇಲೆ ಮೊಳೆಯಲ್ಲಿ ಗೀಟು ಗೀಚಿದ್ದಾರೆ. ಸಾಲು ಸಾಲಾಗಿ.”

“ಎಷ್ಟು ಸಾಲು?”

“ಒಂಬತ್ತು.”

ಒಂಬತ್ತು ಸಾಲು, ಒಂಬತ್ತು ದಿನ. ಇನ್ಸ್‌ಪೆಕ್ಟರಮ್ಮನ ಎದೆ ಜಿಗಿಯಿತು. ಒಂದೊಂದು ಪಾತ್ರೆಗೆ ಒಂದೊಂದು ಗೀಟು ಹಾಕಿಕೊಂಡು ಲೆಕ್ಕ ಇಟ್ಟಿದ್ದಾನೆ. ಇವತ್ತಿನ ಸಾಲೂ ಇದೆ ಎಂದರೆ ಇವತ್ತು ಬೆಳಿಗ್ಗೆ ಆ ಮನೆಯಲ್ಲಿ ಯಾರೋ ನೀರು ಕಾಯಿಸಿ ಕುಡಿದಿದ್ದಾರೆ.

“ಬದುಕಿದ್ದಾನೆ!” ಎಂದು ಅಕ್ಕ ಎದ್ದೇ ನಿಂತಳು. “ನನ್ನ ತಮ್ಮ ಬದುಕಿದ್ದಾನೆ!”

“ಒಂದೊಂದು ಸಾಲಲ್ಲಿ ಎಷ್ಟು ಗೀಟು? ನಿಧಾನಕ್ಕೆ ಹೇಳಿ.”

“ಮೊದಲನೇದರಲ್ಲಿ ಒಂದು. ಎರಡನೇದರಲ್ಲಿ ಎರಡು. ಮೂರನೇದರಲ್ಲಿ ನಾಲ್ಕು. ಆಮೇಲೂ ನಾಲ್ಕು, ನಾಲ್ಕು, ನಾಲ್ಕು. ಏಳರಲ್ಲಿ ಮತ್ತೆ ಎರಡು, ಎಂಟರಲ್ಲಿ ಎರಡು. ಕೊನೇದರಲ್ಲಿ ಒಂದೇ.”

ಅಜ್ಜಿ ತುಟಿಯಲ್ಲೇ ಕೂಡಿಸಿದಳು. “ಇಪ್ಪತ್ತನಾಲ್ಕು. ಡಬ್ಬಿ ಸರಿಯಾಗೇ ಮುಗಿದಿದೆ.” ಹಾಗೆಂದವಳು ಹುಬ್ಬು ಗಂಟಿಕ್ಕಿದಳು. “ಆದರೆ ಮೊದಲು ಎರಡರಲ್ಲಿ ಜೀವ ಹಿಡಿದುಕೊಂಡಿದ್ದವನು ಇದ್ದಕ್ಕಿದ್ದ ಹಾಗೆ ನಾಲ್ಕು ಯಾಕೆ ಸುಟ್ಟ? ಅದು ಅವನ ಬುದ್ಧಿ ಅಲ್ಲ.”

ಇನ್ಸ್‌ಪೆಕ್ಟರಮ್ಮನಿಗೆ ಅರ್ಥವಾಗಿಹೋಗಿತ್ತು. ಬೆಳಿಗ್ಗೆಯಿಂದ ಅವಳು ಕಲಿತದ್ದು ಅದೊಂದೇ ಪಾಠ. ಮೂರನೇ ಸಾಲು ಎಂದರೆ ಸೋಮವಾರ. ಸೋಮವಾರದಿಂದ ಗುರುವಾರದವರೆಗೆ ಆ ಕಲ್ಲಿನ ಮನೆಯಲ್ಲಿ ನೀರು ಕುಡಿದವರು ಇಬ್ಬರು. ಶುಕ್ರವಾರದಿಂದ ಮತ್ತೆ ಒಬ್ಬರೇ.

“ಗಡ್ಡದಣ್ಣ, ಗೀಟೆಲ್ಲ ಒಬ್ಬರೇ ಹಾಕಿದ ಹಾಗಿದೆಯಾ?”

ವೈರ್‌ಲೆಸ್ಸಿನಲ್ಲಿ ಡಬ್ಬಿಯನ್ನು ಉರುಳಿಸಿ ನೋಡುವ ಸದ್ದು ಕೇಳಿಸಿತು.

“ಇಲ್ಲ ಮೇಡಂ. ಮೊದಲ ಆರು ಸಾಲಿನ ಗೀಟು ಸಣ್ಣಗೆ, ನೀಟಾಗಿ, ಎಲ್ಲ ಎಡಕ್ಕೆ ವಾಲಿವೆ. ಕೊನೆಯ ಮೂರು ಸಾಲು ಒರಟು. ಅವು ಬಲಕ್ಕೆ ವಾಲಿವೆ.”

“ನನ್ನ ತಮ್ಮ ಎಡಚ” ಎಂದಳು ಅಕ್ಕ.

ಅವಳ ಮುಖದಲ್ಲಿ ಈಗಷ್ಟೇ ಬಂದಿದ್ದ ಕಳೆ ಹೊರಟುಹೋಯಿತು. “ಚಿಕ್ಕಂದಿನಿಂದ ಎಡಗೈಯಲ್ಲೇ ಬರೆಯೋದು. ಅವನು ಎಳೆದ ಗೀಟು ಎಡಕ್ಕೇ ವಾಲೋದು, ಅದಕ್ಕೆ ನಮ್ಮಪ್ಪನ ಹತ್ತಿರ ಎಷ್ಟು ಏಟು ತಿಂದಿದ್ದಾನೆ. ಶುಕ್ರವಾರದಿಂದ ಅಲ್ಲಿರೋದು ಅವನಲ್ಲ ಮೇಡಂ. ಅವನಲ್ಲ.”

ಇನ್ಸ್‌ಪೆಕ್ಟರಮ್ಮ ಅವಳ ಭುಜ ಹಿಡಿದುಕೊಂಡಳು. ಆದರೆ ಅವಳು ಆ ಕೈಯನ್ನು ಬಿಡಿಸಿಕೊಂಡು ಗಂಡನ ಎದುರಿಗೆ ಹೋಗಿ ನಿಂತಳು.

“ರೀ, ನನ್ನ ತಮ್ಮನ ಜೊತೆ ಇದ್ದದ್ದು ಯಾರು?”

ಔಷಧಿ ಅಂಗಡಿಯವನು ಅಳು ನಿಲ್ಲಿಸಿದ್ದ. ಕಣ್ಣು ವೈರ್‌ಲೆಸ್ಸಿನ ಮೇಲೇ ನೆಟ್ಟಿತ್ತು.

“ಸುಳ್ಳು. ಅವನು ಬರೋಕೆ ಸಾಧ್ಯಾನೇ ಇಲ್ಲ.”

“ಯಾರು?” ಎಂದಳು ಇನ್ಸ್‌ಪೆಕ್ಟರಮ್ಮ.

“ಆ ಕಮರೀಲಿ ನಮ್ಮ ಜೊತೆ ಇದ್ದ ಮೂರನೆಯವನು. ಶನಿವಾರ ಮಧ್ಯಾಹ್ನಾನೇ ಸತ್ತಿದ್ದ ಅವನು. ನಾನೇ ನಾಡಿ ಹಿಡಿದು ನೋಡಿದ್ದೆ.”